ಎಂಟಾಣೆಯಗಲದ ಬರಿಯ ಕಬ್ಬಿಣ

“ನಾಲ್ಕು ತಲೆಮಾರಿನಿಂದ ಊರಿಗೆ ಕೊಟ್ಟೇ ಬಂದಿರುವ ಮನೆಯಿಂದ ಹೋದ ಸೀರೆಯನ್ನು ಒಬ್ಬ ಅಡುಗೆಯವಳು ಹಿಂದಕ್ಕೆ ಕಳುಹಿಸಬಹುದೇ, ಸಿಸ್ಟರ್?”

ಇದು ನಾನು ಕೇಳಿದ ಪ್ರಶ್ನೆ. ಪ್ರಶ್ನೆಯ ತೂಕ ತಿಳಿಯಬೇಕಾದರೆ ನಮ್ಮ ಮನೆತನದ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ಮುತ್ತಜ್ಜ ಊರಿನ ಹೆರಿಗೆ ಆಸ್ಪತ್ರೆಗೆ ಜಾಗ ಬಿಟ್ಟುಕೊಟ್ಟವರು. ಅಜ್ಜ ಇಪ್ಪತ್ತೆರಡು ವರ್ಷ ಶಾಲಾ ಸಮಿತಿಯ ಅಧ್ಯಕ್ಷರಾಗಿದ್ದರು. ತಂದೆ ಪುರಸಭೆಯ ಅಧ್ಯಕ್ಷರಾಗಿದ್ದಾಗ ಕಚೇರಿಯ ಟೆಲಿಫೋನಿನಲ್ಲಿ ಒಮ್ಮೆಯೂ ಮನೆಯ ಮಾತು ಆಡಲಿಲ್ಲ. ನಮ್ಮಲ್ಲಿ ಕೆಲಸಕ್ಕಿದ್ದ ಯಾರೂ ಹೊಸ ಬಟ್ಟೆಯಿಲ್ಲದೆ ಹಬ್ಬ ಮಾಡಿದ್ದಿಲ್ಲ. ನಮ್ಮ ಮನೆಯ ಮೇಲೆ ಇದುವರೆಗೆ ಯಾರೂ ಬೆರಳೆತ್ತಿ ತೋರಿಸಿದ್ದಿಲ್ಲ.

ಚೆನ್ನಾಜಮ್ಮ ಮೂವತ್ತೊಂದು ವರ್ಷ ನಮ್ಮ ಮನೆಯಲ್ಲಿ ಅಡುಗೆ ಮಾಡಿದಳು. ಕಳೆದ ಏಪ್ರಿಲ್‌ನಲ್ಲಿ ಅತಿಥಿಗಳು ಊಟಕ್ಕೆ ಕುಳಿತಿದ್ದಾಗ ಪಾಯಸದ ಹಾಲು ಒಡೆಯಿತು. ಪಾತ್ರೆ ಸರಿಯಾಗಿ ತೊಳೆಯದ ಕೊಳಕು ಕೈಯವಳು ಎಂದು ನಾನು ಎಲ್ಲರ ಎದುರು ಹೇಳಿದೆ. ಅವಳು ಕೈ ಒರೆಸಿಕೊಂಡು ಹೊರಟುಹೋದಳು. ಮರುದಿನ ತಿಳಿಯಿತು, ಅಂದು ಹಾಲಿನವನು ಕೊಟ್ಟ ಹಾಲು ಬೀದಿಯ ಐದು ಮನೆಗಳಲ್ಲಿ ಒಡೆದಿತ್ತು. ತಪ್ಪು ಅವಳದಲ್ಲ. ಆದ್ದರಿಂದಲೇ ನಾನು ರೇಷ್ಮೆ ಸೀರೆ ಕಳುಹಿಸಿದೆ. ಜೊತೆಗೆ, ಅವಳ ಮೂವತ್ತೊಂದು ವರ್ಷದ ಸೇವೆಯನ್ನು ಸ್ಮರಿಸಿ ಸ್ವಂತ ಕೈಬರಹದಲ್ಲಿ ಒಂದು ಕಾಗದ ಬರೆದೆ. ಕಾಗದದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸೀರೆಯೂ ಕಾಗದವೂ ಮಡಿಕೆ ಕೆಡದಂತೆ ಹಿಂದಕ್ಕೆ ಬಂದವು.

ಸಿಸ್ಟರ್ ಸೆಲೆಸ್ಟಿನ್ ನಮಗೆ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವರು. ಈಗ ಅವರಿಗೆ ಎಂಬತ್ತಾರು, ನನಗೆ ಅರವತ್ತೆಂಟು. ಈಗಲೂ ಅವರು ಕುಳಿತುಕೋ ಎನ್ನುವವರೆಗೆ ನಾನು ನಿಂತೇ ಇರುತ್ತೇನೆ. ನನ್ನಲ್ಲಿ ಏನಾದರೂ ಅಚ್ಚುಕಟ್ಟು ಇದ್ದರೆ ಅದು ಅವರ ಋಣ. ಪ್ರತಿ ತಿಂಗಳ ಮೊದಲ ಶನಿವಾರ ಕಾನ್ವೆಂಟಿಗೆ ಹೋಗಿ ಅವರನ್ನು ಕಾಣುತ್ತೇನೆ.

ನನ್ನ ಪ್ರಶ್ನೆ ಕೇಳಿ ಅವರು “ಕುಳಿತುಕೋ ಇಂದುಮತಿ, ಒಂದು ಕತೆ ಹೇಳುತ್ತೇನೆ” ಎಂದರು.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಅವನ ತಂದೆ ಬಿಟ್ಟುಹೋದ ಒಂದು ಸ್ಪೋರ್ಟ್ಸ್ ಕಾರು ಅವನ ಬಳಿ ಇತ್ತು. ಎರಡೇ ಸೀಟು, ಮೇಲೆ ಬಟ್ಟೆಯ ಹೊದಿಕೆ. ಊರಿನಲ್ಲಿ ಅಂಥದು ಇನ್ನೊಂದಿರಲಿಲ್ಲ. ಒಬ್ಬ ಮೆಕ್ಯಾನಿಕ್ ಅದನ್ನು ಇಪ್ಪತ್ತಾರು ವರ್ಷ ನೋಡಿಕೊಂಡ. ಬಸ್ ನಿಲ್ದಾಣದ ಹಿಂದೆ ಅವನದೊಂದು ಸಣ್ಣ ಗ್ಯಾರೇಜು.

ಒಂದು ವರ್ಷ ಆಯುಧಪೂಜೆಗೆ ಮೊದಲು ವರ್ತಕ ಕಾರಿಗೆ ಹೊಸ ಬಣ್ಣ ಹೊಡೆಸಲು ನಿಶ್ಚಯಿಸಿದ. ಹೊರಗೆ ಮಾತ್ರವಲ್ಲ, ಬಾನೆಟ್ಟಿನ ಒಳಗೂ ಹೊಳೆಯಬೇಕು ಎಂದ. ಮೆಕ್ಯಾನಿಕ್ ಬಂದು ಒಂದೇ ಒಂದು ಮಾತು ಹೇಳಿದ.

“ಸಾಹುಕಾರ್ರೇ, ಎಂಜಿನ್ ಪಕ್ಕ ಬಾಡಿ ಮೇಲೆ ಎಂಟಾಣೆಯಗಲ ಜಾಗ ಬಣ್ಣ ಬೇಡ. ಎಂಜಿನ್ನಿಂದ ಬಾಡಿಗೆ ಕರೆಂಟು ದಾಟಿಸೋ ಅರ್ತ್ ಪಟ್ಟಿ ಕೂರೋ ಜಾಗ ಅದು. ಅಲ್ಲಿ ಬರೀ ಕಬ್ಬಿಣ ಇರಬೇಕು.”

“ಇಷ್ಟು ಖರ್ಚು ಮಾಡಿ ಬಾನೆಟ್ ಎತ್ತಿದರೆ ಜನಕ್ಕೆ ಕಜ್ಜಿ ಕಾಣಿಸಬೇಕೇನಯ್ಯ?” ಎಂದ ವರ್ತಕ. “ನಮ್ಮ ಮನೆಯಲ್ಲಿ ದನದ ಕೊಟ್ಟಿಗೆಗೂ ಎರಡು ಕೋಟು ಹೊಡೆಸುತ್ತೇವೆ.”

ಬಣ್ಣದವನು ವರ್ತಕನ ಮಾತಿನಂತೆ ಎಲ್ಲ ಕಡೆಯೂ ಬಣ್ಣ ಹೊಡೆದ. ಬಿಚ್ಚಿದ ಪಟ್ಟಿಯನ್ನು ಹೊಸ ಬಣ್ಣದ ಮೇಲೆಯೇ ಕೂರಿಸಿ ಬೋಲ್ಟು ಬಿಗಿದ. ನೋಡಲು ಬಹಳ ಚೆನ್ನಾಗಿತ್ತು.

ಆಯುಧಪೂಜೆಯ ದಿನ ವರ್ತಕನ ಅಂಗಳದಲ್ಲಿ ಊರಿನ ಪ್ರಮುಖರು ಸೇರಿದರು. ಕಾರಿಗೆ ಹೂವು ಹಾಕಿ, ಕುಂಬಳಕಾಯಿ ಒಡೆದರು. ಮೆಕ್ಯಾನಿಕ್ ನಾಲ್ಕು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಪಕ್ಕಕ್ಕೆ ನಿಂತ. ವರ್ತಕ ಕುಳಿತು ಕೀಲಿ ತಿರುಗಿಸಿದ. ಟಕ್ ಎಂದಿತು. ಎಂಜಿನ್ ತಿರುಗಲಿಲ್ಲ. ಮತ್ತೆ ತಿರುಗಿಸಿದ. ಟಕ್. ಹತ್ತು ಸಲ ತಿರುಗಿಸುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ ಬಂತು. ಅಲ್ಲಿಂದ ಎಂಜಿನ್ನಿಗೆ ಹೋಗುವ ಚೋಕಿನ ಸಣ್ಣ ಕೇಬಲ್ ಸುಟ್ಟು ಕರಗುತ್ತಿತ್ತು.

ಗುಂಪಿನಲ್ಲಿ ಯಾರೋ ನಕ್ಕರು. “ನಿಂಬೆಹಣ್ಣಿಗೆ ಆಯುಸ್ಸು ಗಟ್ಟಿ” ಎಂದರು.

ಆ ನಗುವನ್ನು ವರ್ತಕ ಸಹಿಸಲಾರದೆ ಹೋದ. ಅವನು ಕಾರಿನಿಂದ ಇಳಿದು ಮೆಕ್ಯಾನಿಕ್‌ನ ಕಡೆ ತಿರುಗಿದ. “ಒಳಗಿದ್ದ ಒಳ್ಳೆಯ ವೈರಿಂಗ್ ಬಿಚ್ಚಿ ಮಾರಿಕೊಂಡು ಹಳೆಯದನ್ನು ತುರುಕಿದ್ದೀಯ. ಕಳ್ಳ” ಎಂದ. ಮೆಕ್ಯಾನಿಕ್ “ಅರ್ತ್ ಒಂದು ನೋಡಬೇಕು” ಎಂದು ಮುಂದೆ ಬಂದ. ವರ್ತಕ ಬಾನೆಟ್ ಮುಟ್ಟಲು ಬಿಡಲಿಲ್ಲ.

ಪ್ರಮುಖರೆಲ್ಲ ಕೇಳಿಸಿಕೊಂಡರು. ಅವರವರ ಮನೆಯಲ್ಲೂ ವಾಹನಗಳಿದ್ದವು. ದೀಪಾವಳಿಯ ಹೊತ್ತಿಗೆ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿಗೆ ಒಂದು ಸ್ಕೂಟರೂ ಬರುತ್ತಿರಲಿಲ್ಲ. ಮೆಕ್ಯಾನಿಕ್‌ಗೆ ಇದ್ದ ಆಸ್ತಿ ಅವನ ಹೆಸರು. ಅದು ಹೋಯಿತು.

ಇತ್ತ ಕಾರು ನಿಂತೇ ಇತ್ತು. ಪಟ್ಟಣದಿಂದ ಒಬ್ಬ ಬಂದ. ಬ್ಯಾಟರಿ ಸತ್ತಿದೆ ಎಂದ. ಹೊಸ ಬ್ಯಾಟರಿ ಹಾಕಿದರು, ಕಾರು ಹೊರಡಲಿಲ್ಲ. ಸ್ಟಾರ್ಟರ್ ಮೋಟಾರು ಕೆಟ್ಟಿದೆ ಎಂದ ಇನ್ನೊಬ್ಬ. ಅದನ್ನು ಬಿಚ್ಚಿ ಹೊಸ ತಂತಿ ಸುತ್ತಿಸಿ ತಂದರು, ಹೊರಡಲಿಲ್ಲ. ಮೂರನೆಯವನು ಕೀಲಿಯ ಸ್ವಿಚ್ಚು ಬದಲಾಯಿಸಿದ. ಕೊನೆಗೆ ವರ್ತಕನೇ ಯೋಚಿಸಿ ಲಾರಿಗೆ ಹಾಕುವಂಥ ದೊಡ್ಡ ಬ್ಯಾಟರಿ ತರಿಸಿದ. ಎರಡನೆಯ ಚೋಕ್ ಕೇಬಲ್ಲೂ ಸುಟ್ಟಿತು. ತಳ್ಳಿದರೆ ಹೊರಡುತ್ತದೆ ಎಂದು ಡ್ರೈವರ್ ಹೇಳಿದ. ತಂದೆಯ ಕಾರನ್ನು ಬೀದಿಯಲ್ಲಿ ತಳ್ಳಿಸಲು ವರ್ತಕ ಒಪ್ಪಲಿಲ್ಲ.

ಇಲ್ಲಿಗೆ ನಾನು ಬಾಯಿ ಹಾಕಿದೆ. “ಎಲ್ಲವೂ ಹೊಸದಾದ ಮೇಲೆ ಹೊರಡಬೇಕಲ್ಲವೇ ಸಿಸ್ಟರ್?”

ಸಿಸ್ಟರ್ ನಕ್ಕರು. “ಒಂಬತ್ತನೆಯ ತರಗತಿಯ ಪರೀಕ್ಷೆಯಲ್ಲಿ ಸರ್ಕ್ಯೂಟಿನ ಚಿತ್ರ ಬರೆದು, ಬಲ್ಬಿನಿಂದ ವಾಪಸು ಬರುವ ಗೆರೆ ಬಿಟ್ಟು ನಾಲ್ಕು ಅಂಕ ಕಳೆದುಕೊಂಡವಳು ನೀನೇ ಅಲ್ಲವೇ?”

ಎರಡು ಅಂಕ ಎಂದು ನಾನು ತಿದ್ದಿದೆ. ಅವರು ಒಪ್ಪಿಕೊಂಡು ಮುಂದುವರಿಸಿದರು.

ಆಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಬಂದ. ವಯಸ್ಸಾದವನು. ಕೈಯಲ್ಲಿ ಒಂದು ಮೀಟರು, ಒಂದು ಚಾಕು ಇಷ್ಟೇ ಇದ್ದವು. ಅವನು ಯಾವ ಭಾಗವನ್ನೂ ಬಿಚ್ಚಲಿಲ್ಲ. ಮೊದಲು ಹೆಡ್‌ಲೈಟ್ ಹಾಕಿಸಿ, ವರ್ತಕನಿಗೆ ಕೀಲಿ ತಿರುಗಿಸಲು ಹೇಳಿದ. ಟಕ್ ಎಂದಿತು. ದೀಪ ಮಂಕಾಗಲಿಲ್ಲ. ಬ್ಯಾಟರಿ ಸೋತಿದ್ದರೆ ದೀಪ ಮಂಕಾಗಬೇಕು. ಆಮೇಲೆ ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಅರ್ತ್ ಕಡೆಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಹಿಡಿದ. ಕೀಲಿ ತಿರುಗಿಸಿದಾಗ ಅಲ್ಲಿ ಮುಳ್ಳು ಏಳಬಾರದು. ಅದು ಹತ್ತು ವೋಲ್ಟಿನವರೆಗೆ ಎದ್ದಿತು. ಕೊನೆಗೆ ಮತ್ತೆ ಹೊಸದಾಗಿ ಹಾಕಿದ್ದ ಚೋಕಿನ ಕೇಬಲ್ ಮೇಲೆ ಬೆರಳಿಟ್ಟು ತಕ್ಷಣ ತೆಗೆದ. ಅದು ಕಾದಿತ್ತು.

“ಸ್ವಾಮಿ, ಕರೆಂಟು ಹೋಗೋದಕ್ಕೆ ಏನೂ ತೊಂದರೆ ಇಲ್ಲ” ಎಂದ ಎಲೆಕ್ಟ್ರಿಷಿಯನ್. “ಬ್ಯಾಟರಿಯಿಂದ ಮೋಟಾರಿಗೆ ಚೆನ್ನಾಗೇ ಹೋಗುತ್ತೆ. ವಾಪಸ್ ಬರೋದಕ್ಕೆ ದಾರಿ ಇಲ್ಲ. ಎಂಜಿನ್ ಕೂತಿರೋದು ರಬ್ಬರ್ ಮೇಲೆ. ಈ ಪಟ್ಟಿ ಒಂದೇ ದಾರಿ. ಅದು ಮುಚ್ಚಿದ್ದಕ್ಕೆ ಪಾಪ ಚೋಕಿನ ಸಣ್ಣ ತಂತಿಯಲ್ಲಿ ತೂರಿ ಬರೋಕೆ ನೋಡಿ ಅದನ್ನ ಸುಟ್ಟಿದೆ.”

“ಹಾಗಾದರೆ ಇನ್ನೂ ದೊಡ್ಡ ಬ್ಯಾಟರಿ ಹಾಕಿದರೆ?”

“ಇನ್ನೂ ಬೇಗ ಸುಡುತ್ತೆ.”

ಅವನು ಬೋಲ್ಟು ಬಿಚ್ಚಿ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದ. ಕೆಳಗೆ ಬಣ್ಣ ಹೊಸದರ ಹಾಗೆಯೇ ಹೊಳೆಯುತ್ತಿತ್ತು. ಚಾಕುವಿನಿಂದ ಕೆರೆದ. ಎಂಟಾಣೆಯಗಲ ಬರಿಯ ಕಬ್ಬಿಣ ಕಂಡಿತು. ಕೆರೆಯುತ್ತಾ ಅವನು ಒಂದು ಕ್ಷಣ ನಿಂತ. “ಇಲ್ಲಿ ಮೊದಲಿನಿಂದ ಯಾರೋ ಕೆರೆದು ಕೆರೆದು ಇಟ್ಟಿದ್ದಾರೆ. ಕಬ್ಬಿಣ ತಗ್ಗಾಗಿದೆ ನೋಡಿ. ತಿಳಿದ ಕೈ. ಇಷ್ಟು ಹಳೆಯ ಕಾರಿನಲ್ಲಿ ಇಲ್ಲಿ ಒಂದು ಚೂರು ತುಕ್ಕಿಲ್ಲ” ಎಂದ. ಪಟ್ಟಿಯನ್ನು ಕೂರಿಸಿ ಬಿಗಿದ. ವರ್ತಕ ಕೀಲಿ ತಿರುಗಿಸಿದ. ಮೊದಲ ಸಲಕ್ಕೇ ಎಂಜಿನ್ ಹೊರಟಿತು.

ವರ್ತಕ ಎಂಜಿನ್ ನಿಲ್ಲಿಸದೆ ಸೀಟಿನಲ್ಲಿ ಕುಳಿತೇ ಇದ್ದ. ಹೆಂಡತಿಯನ್ನು ಹೆರಿಗೆಗೆ ಕರೆದೊಯ್ದ ಬೆಳಿಗ್ಗೆ ಈ ಕಾರು ಹೊರಟಿತ್ತು. ಮಗಳ ಪರೀಕ್ಷೆಯ ದಿನ ಸುರಿಯುವ ಮಳೆಯಲ್ಲಿ ಹೊರಟಿತ್ತು. ತಂದೆ ಕಡೆಯ ಬಾರಿ ಕೆರೆಯ ಏರಿಯ ಮೇಲೆ ಸುತ್ತಿ ಬರಬೇಕೆಂದಾಗ ಹೊರಟಿತ್ತು. ಇಪ್ಪತ್ತಾರು ವರ್ಷ ಅವನು ಕೀಲಿ ತಿರುಗಿಸಿದಾಗಲೆಲ್ಲ ಹೊರಟಿತ್ತು. ಪ್ರತಿ ಸಲವೂ ಅವನು ಕಾರನ್ನು ಹೊಗಳಿದ್ದ. ಬಾನೆಟ್ಟಿನ ಕೆಳಗೆ ಬಗ್ಗಿ, ಯಾರೂ ಕಾಣದ ಜಾಗವನ್ನು ವರ್ಷಕ್ಕೆರಡು ಸಲ ಕೆರೆದು, ತುಕ್ಕು ಹಿಡಿಯದಂತೆ ವ್ಯಾಸಲೀನ್ ಹಚ್ಚಿ ಹೋಗುತ್ತಿದ್ದವನ ನೆನಪು ಅವನಿಗೆ ಆಗ ಬಂತು. ಅವನ ಕಣ್ಣು ತುಂಬಿತು. ಅವನು ಕೆಟ್ಟವನಲ್ಲ. ಉಪಕಾರ ತಿಳಿದವನೇ.

ಅಂದೇ ಅವನು ಅಂಗಡಿಯ ಗುಮಾಸ್ತನ ಕೈಯಲ್ಲಿ ಮೆಕ್ಯಾನಿಕ್‌ಗೆ ಜರಿಯ ಶಾಲು, ಒಂದು ಬುಟ್ಟಿ ಹಣ್ಣು ಕಳುಹಿಸಿದ. ಇಪ್ಪತ್ತಾರು ವರ್ಷಕ್ಕೆ ನಾನು ಋಣಿ ಎಂದು ಹೇಳಿಸಿದ.

ಮೆಕ್ಯಾನಿಕ್ ಎದ್ದು ನಿಂತು ಬುಟ್ಟಿಗೆ ಕೈಮುಗಿದ. “ಋಣ ನನಗೂ ಇದೆ. ನನ್ನ ಮಕ್ಕಳು ಓದಿದ್ದು ಆ ಮನೆಯ ಕೆಲಸದಿಂದ. ಸಾಹುಕಾರ್ರು ತಣ್ಣಗಿರಲಿ” ಎಂದ. ಹಣ್ಣಿನಲ್ಲಿ ಒಂದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಶಾಲನ್ನು ಮುಟ್ಟಲಿಲ್ಲ.

“ತಗೊಳ್ಳಯ್ಯ, ಎಂಥ ಜರಿ ನೋಡು” ಎಂದ ಗುಮಾಸ್ತ. “ನಿನಗೇನು ಬಿಗುಮಾನ?”

“ಬಿಗುಮಾನ ಅಲ್ಲಣ್ಣ. ಹೊದ್ದುಕೊಂಡು ಯಾರ ಮುಂದೆ ಕೂತುಕೊಳ್ಳಲಿ? ಇವತ್ತೂ ಒಂದು ಗಾಡಿ ಬಂದಿಲ್ಲ. ಈ ಶಾಲು ಹೊದ್ದು ಬೀದಿಗೆ ಹೋದರೆ, ಇದನ್ನೂ ಎಲ್ಲಿ ಎತ್ತಿದ ಅಂತಾರೆ.”

ಗುಮಾಸ್ತ ಶಾಲನ್ನು ಹಿಂದಕ್ಕೆ ತಂದು, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದ. ವರ್ತಕ ಬಹಳ ಹೊತ್ತು ಯೋಚಿಸಿದ. ಜರಿ ಕಡಿಮೆಯಾಯಿತೇನೋ ಎಂದುಕೊಂಡು ಎರಡು ಶಾಲು ಕಳುಹಿಸಿದ. ಎರಡೂ ಹಿಂದಕ್ಕೆ ಬಂದವು.

ಸಿಸ್ಟರ್ ಇಲ್ಲಿಗೆ ನಿಲ್ಲಿಸಿ, ಆರಿದ ಕಾಫಿಯನ್ನು ಕುಡಿದರು. ಕತೆ ಅರ್ಧಕ್ಕೆ ನಿಂತದ್ದು ನನಗೆ ಸರಿಕಾಣಲಿಲ್ಲ. ಎಲ್ಲದಕ್ಕೂ ಒಂದು ಮುಕ್ತಾಯ ಇರಬೇಕೆಂದು ನನಗೆ ಕಲಿಸಿದವರು ಅವರೇ. ವರ್ತಕನ ಕೃತಜ್ಞತೆಯಲ್ಲಿ ಸುಳ್ಳಿರಲಿಲ್ಲ, ಮೆಕ್ಯಾನಿಕ್‌ಗೂ ಅವನ ಮೇಲೆ ದ್ವೇಷವಿರಲಿಲ್ಲ. ಎರಡೂ ಕಡೆ ಒಳ್ಳೆಯತನವಿದ್ದರೂ ಅದು ಒಬ್ಬರಿಂದ ಒಬ್ಬರಿಗೆ ತಲುಪುತ್ತಿರಲಿಲ್ಲ.

“ಆಮೇಲೆ ವರ್ತಕ ಏನು ಕಳುಹಿಸಿದ, ಸಿಸ್ಟರ್?” ಎಂದು ಕೇಳಿದೆ.

ಅವರು ಕಾಫಿಯ ಲೋಟ ಕೆಳಗಿಟ್ಟು, ತರಗತಿಯಲ್ಲಿ ನೋಡುತ್ತಿದ್ದ ಹಾಗೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಆಮೇಲೆ ಹೇಳಿದ್ದು ಒಂದೇ ಮಾತು. ಅವರು ನನಗೆ ಕಲಿಸಿದ ಎಲ್ಲಕ್ಕಿಂತ ಹೆಚ್ಚಾಗಿ ಆ ಒಂದು ಮಾತಿಗೆ ನಾನು ಋಣಿಯಾಗಿದ್ದೇನೆ.

“ಅಂದು ಊಟಕ್ಕೆ ಕುಳಿತಿದ್ದವರನ್ನೆಲ್ಲ ಮತ್ತೆ ಕರೆದು, ಅವರ ಎದುರಿಗೇ ಚೆನ್ನಾಜಮ್ಮನ ಕ್ಷಮೆ ಕೇಳು.”