ಬೋರಲಿಂಗ ಐದನೇ ಕ್ಲಾಸು ಪಾಸಾದದ್ದು

ಕೇಳ್ರಪ್ಪ, ಇದು ನಗೋ ಕತೆ. ನಗು ಬಂದ ಕಡೆ ನಕ್ಕುಬಿಡಿ, ಆಮೇಲಕ್ಕೆ ಅಂತ ಕಟ್ಟಿಟ್ಕೋಬೇಡಿ.

ಬಿದರಗೂಡು ಅನ್ನೋ ಊರಲ್ಲಿ ಚಿಕ್ಕತಾಯಮ್ಮ ಅಂತ ಇದ್ಲು. ಕಡ್ಲೆಪುರಿ ಹುರಿದು ಮಾರೋಳು. ಗಂಡ ಇಲ್ಲ. ಇರೋನು ಒಬ್ಬನೇ ಮಗ, ಬೋರಲಿಂಗ. ಹುಡುಗ ಒಳ್ಳೇನು, ಹೇಳಿದ ಮಾತು ಮೀರೋನಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಯಾವುದಕ್ಕೆ ಹೇಳಿದ್ದು ಅಂತ ಮಾತ್ರ ನೋಡೋನಲ್ಲ.

ಹಿಂಗೇ ಐದನೇ ಕ್ಲಾಸಿಗೆ ಬಂದ. ಚಿಕ್ಕತಾಯಮ್ಮನ ಅಣ್ಣ ಮನೆಗೆ ಬಂದು ಖಂಡಿತವಾಗಿ ಹೇಳಿದ. "ನೋಡವ್ವ, ಈ ವರ್ಷ ಪಾಸಾದ್ರೆ ಓದ್ಲಿ. ಇಲ್ದಿದ್ರೆ ನನ್ನ ಎಮ್ಮೆ ಕಾಯೋಕೆ ಕಳಿಸು."

ಅವತ್ತಿಂದ ತಾಯಿಗೆ ಅನ್ನ ಸೇರಲಿಲ್ಲ. ಮಗನಿಗೆ ಚೆನ್ನಾಗೇ ಸೇರಿತು.

ಮೊದಲು ವಿಜ್ಞಾನದ ಪಾಠ. ಕಪನಯ್ಯ ಮೇಷ್ಟ್ರು ಎಲ್ಲರಿಗೂ ಒಂದೊಂದು ಹಿಡಿ ಹೆಸರುಕಾಳು ಕೊಟ್ಟು, "ಮೊಳಕೆ ಬಂದ ಮೇಲೆ ತಗೊಂಡು ಬನ್ನಿ" ಅಂದ್ರು. ಬೋರಲಿಂಗ ಕಾಳನ್ನ ಅಂಗಿ ಜೇಬಿಗೆ ಹಾಕ್ಕೊಂಡ. ಬೆಳಿಗ್ಗೆ ಬಗ್ಗಿ ನೋಡ್ದ, ಇಲ್ಲ. ಸಾಯಂಕಾಲ ಬಗ್ಗಿ ನೋಡ್ದ, ಇಲ್ಲ. ಬೇರೆ ಹುಡುಗರ ಕಾಳಿಗೆಲ್ಲ ಬಾಲ ಬಂದಿತ್ತು.

"ನಿಂದೆಲ್ಲೋ ಮೊಳಕೆ?" ಅಂದ್ರು ಮೇಷ್ಟ್ರು.

"ಬರ್ಲಿ ಅಂತ ಕಾಯ್ತಾ ಇದ್ದೀನಿ ಸಾ."

ಮನೆಗೆ ಬಂದು ತಾಯಿಗೆ ಹೇಳಿದ. ತಾಯಿ ಹಣೆ ಚಚ್ಕೊಂಡ್ಲು. "ಅಯ್ಯೋ ನನ್ನ ಪೆದ್ದಪ್ಪ, ಒದ್ದೆ ಬಟ್ಟೇಲಿ ಸುತ್ತಿ, ಆಗಾಗ ನೀರು ಚಿಮುಕಿಸಬೇಕು ಕಣೋ. ಇನ್ನು ಮೇಲೆ ಮೇಷ್ಟ್ರು ಏನು ಕೊಟ್ರೂ ಹಂಗೆ ಜೋಪಾನ ಮಾಡು."

"ಹಂಗೇ ಆಗ್ಲಿ ಕಣವ್ವ" ಅಂದ. ಹಂಗೇ ಮಾಡಿದ.

ಆಮೇಲೆ ಬಂತು ಸಮಾಜದ ಪಾಠ. ಮೇಷ್ಟ್ರ ಮನೇಲಿ ಕರ್ನಾಟಕದ ಭೂಪಟ ಇತ್ತು, ದೊಡ್ಡದು, ಬಣ್ಣದ್ದು. "ಬೋರಲಿಂಗ, ಇದನ್ನ ಜೋಪಾನವಾಗಿ ಇಸ್ಕೂಲಿಗೆ ತಗೊಂಡು ನಡಿ, ಹಿಂದೇನೇ ಬರ್ತೀನಿ" ಅಂದ್ರು. ಬೋರಲಿಂಗ ಟವಲು ಅದ್ದಿ ಭೂಪಟ ಸುತ್ತಿದ. ದಾರಿಲಿ ಸಿಕ್ಕಿದ ನಲ್ಲೀಲೆಲ್ಲ ನಿಂತು ನೀರು ಚಿಮುಕಿಸಿದ. ಕ್ಲಾಸಲ್ಲಿ ಬಿಚ್ಚಿದ್ರೆ, ಅರಬ್ಬೀ ಸಮುದ್ರ ಘಟ್ಟ ಹತ್ತಿ ಇಳಿದು ಕೋಲಾರದವರೆಗೂ ಬಂದುಬಿಟ್ಟಿದೆ. ಬೆಳಗಾವಿ ಟವಲಿಗೆ ಅಂಟ್ಕೊಂಡಿದೆ.

ಮೇಷ್ಟ್ರು ಒದ್ದೆ ಭೂಪಟ ಬಿಸಿಲಿಗೆ ಹರಡ್ತಾ ಬಯ್ಯೋದನ್ನೇ ಮರೆತ್ರು. ಆ ಬಾಕಿನೂ ತಾಯೇ ತೀರಿಸಿದ್ಲು. "ಅಯ್ಯೋ ನನ್ನ ಪೆದ್ದಪ್ಪ, ಅಂಥದ್ದನ್ನ ಗೋಡೆಗಿಟ್ಟು ಸುತ್ತ ಮೊಳೆ ಹೊಡೀಬೇಕು. ಹೋಗೋರು ಬರೋರೆಲ್ಲ ನೋಡೋ ಹಂಗಿರಬೇಕು."

"ಹಂಗೇ ಆಗ್ಲಿ ಕಣವ್ವ" ಅಂದ. ಹಂಗೇ ಮಾಡಿದ.

ಆದರೆ ಅಷ್ಟೊತ್ತಿಗೆ ಭೂಪಟದ ಪಾಠ ಮುಗಿದು ಲೆಕ್ಕದ ಪಾಠ ಬಂದಿತ್ತು. ಭಿನ್ನರಾಶಿ. ಅರ್ಧ ಅಂದ್ರೇನು, ಕಾಲು ಅಂದ್ರೇನು ಅಂತ ಕತ್ತರಿಸಿ ತೋರಿಸೋಕೆ ಮೇಷ್ಟ್ರು ಒಂದು ಒಬ್ಬಟ್ಟು ತರೋಕೆ ಹೇಳಿದ್ರು. ಚಿಕ್ಕತಾಯಮ್ಮ ತುಪ್ಪ ಸವರಿ, ಎಲೇಲಿ ಕಟ್ಟಿ ಕೊಟ್ಲು. ಬೋರಲಿಂಗ ಎಲ್ಲರಿಗಿಂತ ಮುಂಚೆ ಹೋಗಿ ಇಸ್ಕೂಲಿನ ಹೊರಗೋಡೆಗೆ ಒಬ್ಬಟ್ಟಿಟ್ಟು ಸುತ್ತ ಮೊಳೆ ಹೊಡೆದ. ಹೋಗೋರು ಬರೋರೆಲ್ಲ ನೋಡಿದ್ರು. ಕಾಗೆನೂ ನೋಡ್ತು, ಅಳಿಲೂ ನೋಡ್ತು. ಬೆಲ್ಲು ಹೊಡೆಯೋ ಹೊತ್ತಿಗೆ ಪಾಠಕ್ಕೆ ಉಳಿದದ್ದು ಮೊಳೆ.

"ಅಯ್ಯೋ ನನ್ನ ಪೆದ್ದಪ್ಪ" ಅಂದ್ಲು ತಾಯಿ, "ಅದನ್ನ ಸಮವಾಗಿ ನಾಲ್ಕು ಭಾಗ ಮಾಡಿ, ಪಕ್ಕದಲ್ಲಿ ಕೂತೋರಿಗೆ ಕಾಲು ಕಾಲು ಹಂಚಬೇಕಿತ್ತು. ನಿಮ್ಮ ಮೇಷ್ಟ್ರು ಕಲಿಸೋಕೆ ಹೊರಟಿದ್ದು ಅದನ್ನೇ."

"ಹಂಗೇ ಆಗ್ಲಿ ಕಣವ್ವ" ಅಂದ.

ಮಾರನೇ ವಾರ ಆಟದ ಪಾಠ. ಪಕ್ಕದೂರಿನ ಹುಡುಗರ ಜೊತೆ ಹಗ್ಗ ಜಗ್ಗಾಟ. ಪಟೇಲರ ಮನೆಯಿಂದ ಬಾವಿ ಹಗ್ಗ ತರೋಕೆ ಮೇಷ್ಟ್ರು ಬೇರೆ ಯಾರನ್ನಾದ್ರೂ ಕಳಿಸಬಹುದಿತ್ತು. ಬೋರಲಿಂಗನ ಕಾಲು ಚುರುಕು ಅಂತ ಅವನನ್ನೇ ಕಳಿಸಿದ್ರು. ಹಗ್ಗ ಹೊತ್ತು ಬರ್ತಾ ಬರ್ತಾ ಸುಸ್ತಾಗಿ ಅರಳೀಕಟ್ಟೆ ಮೇಲೆ ಕೂತ. ಪಕ್ಕದಲ್ಲಿ ನಾಲ್ಕು ಜನ ಮುದುಕರು ಕೂತಿದ್ರು. ಕುಡುಗೋಲು ಇಸ್ಕೊಂಡು ಹಗ್ಗಾನ ಸಮವಾಗಿ ಕೊಯ್ದ, ಕಾಲು ಕಾಲು ಹಂಚಿದ. ಒಬ್ಬ ಕರು ಕಟ್ಟೋಕೆ ಒಯ್ದ, ಒಬ್ಬ ಮೊಮ್ಮಗಳಿಗೆ ಉಯ್ಯಾಲೆ ಅಂತ ಒಯ್ದ, ಉಳಿದೋರೂ ಬಿಡಲಿಲ್ಲ. ಬೋರಲಿಂಗ ಬರಿಗೈಲಿ ಹೋಗಿ ಮೇಷ್ಟ್ರ ಮುಂದೆ ನಿಂತ.

ಪಕ್ಕದೂರಿನ ಹುಡುಗರು ನಗ್ತಾ ವಾಪಸು ಹೋದ್ರು.

ಅವತ್ತು ಚಿಕ್ಕತಾಯಮ್ಮ ಬಯ್ಯಲಿಲ್ಲ. ಒಲೆ ಮುಂದೆ ಕೂತು ಕಣ್ಣೊರೆಸ್ಕೊಂಡ್ಲು. ನಾಳೆ ಇಸ್ಕೂಲಿಗೆ ಇನ್‌ಸ್ಪೆಕ್ಟ್ರು ಬರ್ತಾರೆ, ಬಾಯಲ್ಲೇ ಪರೀಕ್ಷೆ ಮಾಡ್ತಾರೆ, ಪಾಸೋ ಫೇಲೋ ಅಲ್ಲೇ ಹೇಳ್ತಾರೆ. ಮಗ ಬಂದು ಪಕ್ಕದಲ್ಲಿ ಕೂತ.

"ಅಳಬೇಡ ಕಣವ್ವ. ಹೆಂಗೆ ಮಾಡಬೇಕಿತ್ತು ಹೇಳು, ಹಂಗೇ ಮಾಡ್ತೀನಿ."

"ಕೈಗೆ ಬಂದದ್ದನ್ನ ಗಟ್ಟಿಯಾಗಿ ಹಿಡ್ಕೋಬೇಕು ಮಗ. ಸೀಟಿ ಊದೋವರೆಗೂ, ಯಾರು ಎಳೆದ್ರೂ ಬಿಡಬಾರದು."

"ಹಂಗೇ ಆಗ್ಲಿ ಕಣವ್ವ."

ಮಾರನೇ ದಿನ ಇನ್‌ಸ್ಪೆಕ್ಟ್ರು ಬಂದು ಕುರ್ಚೀಲಿ ಕೂತ್ರು. ಜಾಣ ಹುಡುಗರು ಹೆದರಿ ತೊದಲಿದ್ರು. ಬೋರಲಿಂಗನ ಸರದಿ ಬಂತು. ಕಪನಯ್ಯ ಮೇಷ್ಟ್ರು ಕಣ್ಣು ಮುಚ್ಕೊಂಡ್ರು.

"ಕಾಳು ಮೊಳೆಯೋಕೆ ಏನು ಬೇಕು?"

"ನೀರು ಸಾ. ಜೇಬಲ್ಲಿಟ್ರೆ ಮೊಳೆಯಲ್ಲ."

"ಕರ್ನಾಟಕದ ಪಶ್ಚಿಮಕ್ಕೆ ಏನಿದೆ?"

"ಸಮುದ್ರ ಸಾ. ಕೋಲಾರ ಈ ಕಡೆ ತುದೀಲಿದೆ, ಅಲ್ಲಿಗೆ ಸಮುದ್ರ ಬರಬಾರದು."

"ಒಂದು ಒಬ್ಬಟ್ಟು, ನಾಲ್ಕು ಜನ. ಒಬ್ಬೊಬ್ಬರಿಗೆ ಎಷ್ಟು?"

"ಕಾಲು ಸಾ. ಹಗ್ಗ ಆದ್ರೂ ಅಷ್ಟೇ."

ಇನ್‌ಸ್ಪೆಕ್ಟ್ರಿಗೆ ಹಗ್ಗ ಯಾಕೆ ಬಂತು ಅಂತ ಗೊತ್ತಾಗಲಿಲ್ಲ. ಆದರೂ ಉತ್ತರ ಸರಿ. "ಪಾಸು. ಇವನು ಓದಿ ಹೇಳ್ತಾ ಇಲ್ಲ ಕಪನಯ್ಯನೋರೇ, ಕಂಡು ಹೇಳ್ತಾ ಇದಾನೆ" ಅಂತ ಖುಷಿಯಾಗಿ ಕೈ ಚಾಚಿದ್ರು.

ಕೈಗೆ ಕೈ ಬಂತು. ಬೋರಲಿಂಗ ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕೊಂಡ.

"ಸಾಕು, ಬಿಡಪ್ಪ" ಅಂದ್ರು. ಬಿಡಲಿಲ್ಲ. ಎಳೆದ್ರು. ಇನ್ನೂ ಗಟ್ಟಿಯಾಗಿ ಹಿಡ್ಕೊಂಡ. ಮೇಷ್ಟ್ರು ಅವನ ಸೊಂಟ ಹಿಡಿದು ಎಳೆದ್ರು. ಬಿಡಲಿಲ್ಲ.

"ಸೀಟಿ ಊದಿಲ್ಲ ಸಾ" ಅಂದ.

ಇಸ್ಕೂಲಿನ ಸೀಟಿ ಕಳೆದುಹೋಗಿ ವರ್ಷವಾಗಿತ್ತು. ಮೇಷ್ಟ್ರು ಬಾಯಲ್ಲೇ ಊದಿ ನೋಡಿದ್ರು, ಹಲ್ಲಿನ ಸಂದೀಲಿ ಬರೀ ಗಾಳಿ ಬಂತು. ಇನ್‌ಸ್ಪೆಕ್ಟ್ರು ಎಡಗೈಲಿ ಸಹಿ ಹಾಕಿದ್ರು, ಎಡಗೈಲಿ ಊಟ ಮಾಡಿದ್ರು, ಬೋರಲಿಂಗನ ಸಮೇತ ಬಸ್‌ಸ್ಟಾಂಡಿಗೆ ನಡೆದ್ರು. ಪುರಿ ಮಾರ್ತಾ ಕೂತಿದ್ದ ಚಿಕ್ಕತಾಯಮ್ಮ ನೋಡ್ತಾಳೆ, ಸಾಹೇಬ್ರ ಕೈ ಹಿಡ್ಕೊಂಡು ಮಗ ಬರ್ತಾ ಇದಾನೆ. ಅವಳ ಎದೆ ತುಂಬಿ ಬಂತು.

ಬಸ್ಸು ಬಂತು, ಸಂಜೆಗೆ ಅದೊಂದೇ ಬಸ್ಸು. ಇನ್‌ಸ್ಪೆಕ್ಟ್ರು ಬಾಗಿಲಿಗೆ ಅಡ್ಡ ನಿಂತ ಬೋರಲಿಂಗನ ಎದುರು ಒಂದು ಕಾಲು ಮೆಟ್ಟಿಲಿಗೆ ಒತ್ತಿಟ್ಟು, ಮೈಯೆಲ್ಲ ಹಿಂದಕ್ಕೆ ವಾಲಿಸಿ, ಇದ್ದ ಶಕ್ತಿಯೆಲ್ಲ ಹಾಕಿ ಕೈ ಎಳ್ಕೊಂಡ್ರು. ಸರಿಯಾಗಿ ಆಗಲೇ ಕಂಡಕ್ಟರು ಸೀಟಿ ಊದಿದ.

ಬೋರಲಿಂಗ ಬಿಟ್ಟ.

ಇನ್‌ಸ್ಪೆಕ್ಟ್ರು ಧೊಪ್ಪಂತ ಧೂಳಲ್ಲಿ ಕೂತ್ರು. ಬಸ್ಸು ಹೊರಟುಹೋಯ್ತು. ಅವರು ಟೋಪಿ ಹುಡುಕ್ತಾ, "ಅಲ್ಲಯ್ಯ, ಬೆಳಿಗ್ಗೆಯಿಂದ ಬಿಡದೋನು ಈಗ ಯಾಕಯ್ಯ ಬಿಟ್ಟೆ?" ಅಂದ್ರು.

"ಆಟ ಮುಗೀತಲ್ಲ ಸಾ" ಅಂದ ಬೋರಲಿಂಗ. "ಬಿದ್ದೋರು ನೀವು. ಗೆದ್ದೋನು ನಾನು."