ಶೂರನ ರಟ್ಟು, ಹುಳದ ಹೊಟ್ಟೆ

ಹುಬ್ಬಳ್ಳಿಯ ಒಂದು ಹಳೆ ಪುಸ್ತಕದಂಗಡಿಯಲ್ಲಿ ಇಂಗ್ಲೆಂಡಿನ ಹಳೇ ಕಾಮಿಕ್ಸ್ ಒಂದಿತ್ತು. ಅದರ ರಟ್ಟಿನ ಮೇಲೆ ಕೆಂಪು ಹೊದಿಕೆಯ ಶೂರನೊಬ್ಬ ಲಂಡನ್ನಿನ ಮಂಜಿನಲ್ಲಿ ರೈಲನ್ನೇ ಎತ್ತಿ ಹಿಡಿದಿದ್ದ. ಒಳಪುಟಗಳಲ್ಲಿ ಒಂದು ಪುಸ್ತಕದ ಹುಳ, ಯಾರ ಅಪ್ಪಣೆಯನ್ನೂ ಕೇಳದೆ, ಸಂಸಾರ ಹೂಡಿತ್ತು.

“ಇವತ್ತು ಮಾರಾಟವಾಗದಿದ್ದರೆ ನಾಳೆ ನನ್ನನ್ನು ಹರಿದು ಶೇಂಗಾ ಕಟ್ಟುತ್ತಾರೆ. ಇನ್ನು ತಿನ್ನಬೇಡ ತಮ್ಮಾ,” ಎಂದಿತು ರಟ್ಟು.

“ನೀನು ಬರೀ ಮೋರೆ. ಕತೆಯೆಲ್ಲ ಒಳಗಿತ್ತು, ಅದೀಗ ನನ್ನ ಹೊಟ್ಟೆಯಲ್ಲಿದೆ. ನಿನ್ನನ್ನು ಯಾರು ಕೊಳ್ಳುತ್ತಾರೋ ನೋಡೇಬಿಡೋಣ,” ಎಂದ ಹುಳ ಕೊನೆಯ ಪುಟವನ್ನೂ ಮುಗಿಸಿ ತೇಗಿತು.

ಸಂಜೆ ಫಕೀರಪ್ಪನೆಂಬ ನರೆಗೂದಲಿನ ಟೇಲರ್ ಬಂದ. ರಟ್ಟು ಕಂಡವನೇ ನಿಂತುಬಿಟ್ಟ. ಎತ್ತಿಕೊಂಡರೆ ಒಳಗಿನಿಂದ ಬರೀ ಪುಡಿ ಉದುರಿತು. ಪುಡಿಯ ಜೊತೆ ಕೆಳಗೆ ಬಿದ್ದ ಹುಳ, ಇವನು ಈಗ ಬಿಸಾಡುತ್ತಾನೆ ಎಂದು ಕಾಯುತ್ತ ಕೂತಿತು.

ಅಂಗಡಿಯವನಿಗೇ ನಾಚಿಕೆಯಾಯಿತು. “ಒಳಗ ಏನೂ ಉಳಿದಿಲ್ರಿ, ಯಜಮಾನ್ರ.”

“ಇರಲಿ ಬಿಡಪಾ. ಸಣ್ಣವರಿದ್ದಾಗ ನಮಗ ಇಂಗ್ಲಿಷ್ ಎಲ್ಲಿ ಬರ್ತಿತ್ತು? ಇವನ ಮಾರಿ ನೋಡಿ ಕತಿ ನಾವ ಕಟ್ಟತಿದ್ವಿ. ಈ ರೈಲಿನಾಗ ನಮ್ಮವ್ವ ಕುಂತಾಳ, ತವರಿಗೆ ಹೊಂಟಾಳ. ಅದಕ್ಕ ಅವ ಕೈ ಬಿಡಾಂಗಿಲ್ಲ.”

ಫಕೀರಪ್ಪ ದುಡ್ಡು ಕೊಟ್ಟು, ರಟ್ಟನ್ನು ಎದೆಗೊತ್ತಿಕೊಂಡು ಹೊರಟುಹೋದ. ಹುಳ ತನ್ನ ಹೊಟ್ಟೆ ಸವರಿಕೊಂಡಿತು. ಮೂವತ್ತೆರಡು ಪುಟ ತಿಂದಿತ್ತು; ಒಂದರಲ್ಲೂ ಆ ಅವ್ವ ಸಿಕ್ಕಿರಲಿಲ್ಲ.