ದರ ಇಳಿಯಲಿ ಎಂದವನ ಹೆಂಡತಿ

"ಅಜ್ಜಾರ, ವಿಮಾನದ ಟಿಕೇಟು ಯಾವಾಗ ತಗಿಸಿದರ ಛಲೋ?"

ಕೇಳಿದವನು ಚೆನ್ನವೀರ, ಸೊಸೈಟಿಯ ಗುಮಾಸ್ತ. ವಾರಕ್ಕೊಮ್ಮೆ ಮಠಕ್ಕೆ ಬಂದು ಗುರುಗಳ ಮುಂದೆ ಕೂರುವ ಹತ್ತು ಹನ್ನೆರಡು ಮಂದಿಯಲ್ಲಿ ಅವನೂ ಒಬ್ಬ. ಶನಿವಾರ ಭಾನುವಾರ ಎರಡು ದಿನ ದಿಲ್ಲಿ ತೋರಿಸಿಕೊಂಡು ಬರುತ್ತೇನೆ ಎಂದು ಯುಗಾದಿಯಂದು ಹೆಂಡತಿಗೆ ಮಾತು ಕೊಟ್ಟಿದ್ದ. ಈಗ ದಸರೆ ಹತ್ತಿರ ಬಂದಿತ್ತು. ಬೆಳಿಗ್ಗೆ ನೋಡಿದರೆ ಒಂದು ದರ, ಸಂಜೆ ನೋಡಿದರೆ ಇನ್ನೊಂದು. ಮಂಗಳವಾರ ತೆಗೆಸು ಎಂದು ಒಬ್ಬ ಹೇಳಿದರೆ, ಆರು ವಾರ ಮೊದಲೇ ತೆಗೆಸಬೇಕಿತ್ತು ಎಂದು ಇನ್ನೊಬ್ಬ ಹೇಳುತ್ತಿದ್ದ. ಅವನ ತಲೆ ಕೆಟ್ಟು ಹೋಗಿತ್ತು.

ಕೂತವರು ಕಿಸಕ್ಕನೆ ನಕ್ಕರು. ಮಠದಲ್ಲಿ ಕೇಳುವ ಪ್ರಶ್ನೆಯೇ ಇದು ಎಂದು ಹಿರಿಯನೊಬ್ಬ ಗೊಣಗಿದ. ಗುರುಗಳು ನಗಲಿಲ್ಲ. ಅವರು ಸಿಡುಕಿನ ಮನುಷ್ಯ. ಮುಕ್ತಿ ಯಾವಾಗ ಎಂದು ಕೇಳಿದವರನ್ನು ಗದರಿಸಿ, ಮೊದಲು ಮನೆಯಲ್ಲಿ ಜಗಳ ನಿಲ್ಲಿಸು ಹೋಗು ಎಂದು ಅಟ್ಟಿದವರು. ಇಂಥ ಪ್ರಶ್ನೆ ಬಂದಾಗ ಮಾತ್ರ ನೆಟ್ಟಗೆ ಕೂರುತ್ತಿದ್ದರು. ನಕ್ಕವರು ಬಾಯಿ ಮುಚ್ಚಿಕೊಂಡಿರಲಿ, ನೀನು ಕೇಳು ಎಂದು ಚೆನ್ನವೀರನಿಗೆ ಹೇಳಿ, ಕತೆ ತೊಡಗಿದರು.

ಒಬ್ಬ ವರ್ತಕನಿದ್ದ. ಮೆಣಸಿನಕಾಯಿ ವ್ಯಾಪಾರ. ಅವನ ಹೆಸರು ಅಡಿವೆಪ್ಪ, ಹೆಂಡತಿಯ ಹೆಸರು ನಿಂಬವ್ವ. ಆ ಊರಿನ ಪೇಟೆಯಲ್ಲಿ ಸೋಮವಾರಕ್ಕೊಂದು, ಗುರುವಾರಕ್ಕೊಂದು ಟೆಂಡರು. ರೈತರು ತಂದ ಕಾಯಿ ಅಂಗಡಿಗಳ ಮುಂದೆ ರಾಶಿ ಬಿದ್ದಿರುತ್ತದೆ. ವರ್ತಕರು ಒಂದೊಂದೇ ರಾಶಿಗೆ ಹೋಗಿ, ಕಾಯಿ ಮುರಿದು, ಮೂಸಿ, ಬಣ್ಣ ನೋಡಿ, ತಮ್ಮ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಬೇಕು. ಹೆಚ್ಚು ಬರೆದವನಿಗೆ ರಾಶಿ. ಹೀಗಿರುವಾಗ ಒಬ್ಬನ ಮುಖ ಅರಳಿದರೆ ಮುಗಿಯಿತು, ಪಕ್ಕದವನು ಅದನ್ನು ಕಂಡು ತನ್ನ ಚೀಟಿಯಲ್ಲಿ ಏರಿಸಿ ಬರೆಯುತ್ತಾನೆ. ಅದಕ್ಕೆಂದೇ ಅಡಿವೆಪ್ಪ ಒಂದು ಮುಖ ಕಲಿತಿದ್ದ. ಕಾಯಿ ಎಷ್ಟು ಚೆನ್ನಾಗಿದೆಯೋ ಅಷ್ಟು ಮುಖ ಸಿಂಡರಿಸುವುದು. ಕೆಂಪಗೆ ಮಿರಿಮಿರಿ ಮಿಂಚುವ ರಾಶಿಯ ಮುಂದೆ ಸತ್ತ ಇಲಿ ಕಂಡವನ ಹಾಗೆ ಮೂಗು ಮುರಿದು ಮುಂದೆ ಹೋಗಿಬಿಡುತ್ತಿದ್ದ. ಕೊನೇ ಗಳಿಗೆಯಲ್ಲಿ ಸದ್ದಿಲ್ಲದೆ ಬಂದು ಚೀಟಿ ಹಾಕುತ್ತಿದ್ದ. ಮೂವತ್ತು ವರ್ಷ ಆ ಮುಖ ಅವನನ್ನು ಸಾಕಿತು. ಪೇಟೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಮುಖ ಪೇಟೆಯಲ್ಲೇ ಉಳಿದಿದ್ದರೆ ಯಾರದೂ ತಕರಾರಿರಲಿಲ್ಲ. ಹೆಣ್ಣು ನೋಡಲು ಬಂದ ದಿನವೂ ಅವನು ಅದನ್ನೇ ಹೊತ್ತು ಬಂದಿದ್ದ. ನಿಂಬವ್ವ ಚಹಾ ತಂದಿಟ್ಟಾಗ ಒಮ್ಮೆ ನೋಡಿ, ಮುಖ ಸಿಂಡರಿಸಿ, ಗೋಡೆಯ ಕ್ಯಾಲೆಂಡರು ಓದುತ್ತ ಕೂತ. ಗಂಡಿಗೆ ತಾನು ಒಪ್ಪಿಗೆಯಾಗಲಿಲ್ಲ ಎಂದುಕೊಂಡು ಅವಳು ಎರಡು ದಿನ ಅತ್ತಳು. ಮದುವೆಯಾದ ಮೇಲೆ ಅವನೇ ನಗುತ್ತ ಹೇಳಿದ, ನೀನು ನೋಡಿದ ಕೂಡಲೇ ಮನಸ್ಸಿಗೆ ಬಂದಿದ್ದೆ, ತೋರಿಸಿಕೊಂಡಿದ್ದರೆ ನಿಮ್ಮಪ್ಪ ಕೊಡುವುದರಲ್ಲಿ ಬಿಗಿ ಹಿಡಿಯುತ್ತಿದ್ದ ಎಂದು. ಅವನ ಮಟ್ಟಿಗೆ ಅದು ಪ್ರೀತಿಯ ಮಾತು. ಅವಳೂ ನಕ್ಕಳು. ಆದರೆ ನಾನೇನು ಮೆಣಸಿನಕಾಯಿಯೇ ಎಂದು ಹೊಟ್ಟೆಯೊಳಗೆ ಉರಿಯಿತು.

ಈ ನಿಂಬವ್ವ ಹುಡುಗಿಯಾಗಿದ್ದಾಗ ಓದುವ ಹುಚ್ಚಿನವಳು. ಊರ ಗ್ರಂಥಾಲಯದಲ್ಲಿ ಬಂಗಾಳಿಯಿಂದ ಕನ್ನಡಕ್ಕೆ ಬಂದ ಕಾದಂಬರಿಗಳು ಒಂದು ಕಪಾಟಿನ ತುಂಬ ಇದ್ದವು. ಅಷ್ಟನ್ನೂ ಓದಿ ಮುಗಿಸಿದ್ದಳು. ಅವುಗಳಲ್ಲಿ ಜನ ಮಾತು ಮಾತಿಗೆ ಟ್ರಾಮು ಹತ್ತುತ್ತಿದ್ದರು. ಕಿಟಕಿ ಪಕ್ಕ ಕೂತು ಯೋಚಿಸುತ್ತಿದ್ದರು, ಇಳಿಯಬೇಕಾದ ಕಡೆ ಇಳಿಯುವುದನ್ನು ಮರೆಯುತ್ತಿದ್ದರು. ಒಮ್ಮೆ ಕಲ್ಕತ್ತಕ್ಕೆ ಹೋಗಬೇಕು, ಟ್ರಾಮಿನಲ್ಲಿ ಕೂರಬೇಕು ಎಂಬುದು ಆಗಲೇ ಅವಳಲ್ಲಿ ಬೇರು ಬಿಟ್ಟಿತ್ತು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಅವಳು ಊರೂರು ತಿರುಗದೆ ಇರಲಿಲ್ಲ. ಬಾಣಂತನಕ್ಕೆ ಹೋದಳು, ಮದುವೆಗಳಿಗೆ ಹೋದಳು, ಮಣ್ಣಿಗೆ ಹೋದಳು. ಯಾವ ಕಾರಣವೂ ಇಲ್ಲದೆ, ತನಗೆ ಬೇಕು ಎಂಬುದಕ್ಕಾಗಿ, ಎಲ್ಲಿಗೂ ಹೋಗಿರಲಿಲ್ಲ. ಎರಡನೇ ಮಗಳ ಮದುವೆಯೂ ಮುಗಿದ ಮೇಲೆ ಒಂದು ದಿನ ಊಟಕ್ಕೆ ಬಡಿಸುತ್ತ ಬಾಯಿ ಬಿಟ್ಟು ಕೇಳಿದಳು. ಅಡಿವೆಪ್ಪ ಕೆಟ್ಟವನಲ್ಲ. ಥಟ್ಟನೆ ಹೂಂ ಎಂದ. ಗುರುವಾರದ ಟೆಂಡರು ಮುಗಿಸಿ ಶುಕ್ರವಾರ ಹೊರಡುವುದು, ಭಾನುವಾರ ವಾಪಸು ಬರುವುದು, ಸೋಮವಾರ ಮತ್ತೆ ಪೇಟೆಗೆ ಹಾಜರು. ವಿಮಾನದಲ್ಲಾದರೆ ಆಗುತ್ತದೆ ಎಂದ. ಅವಳಿಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ.

ಮರುದಿನ ಫೋನಿನಲ್ಲಿ ಟಿಕೇಟಿನ ದರ ನೋಡಿದ. ನೋಡಿದವನೇ ಮುಖ ಸಿಂಡರಿಸಿ ಫೋನು ಕೆಳಗಿಟ್ಟ. ಮೊದಲ ದಿನದ ದರಕ್ಕೆ ಯಾವ ಮೂರ್ಖನೂ ಕೊಳ್ಳುವುದಿಲ್ಲ, ಇಳಿಯಲಿ ತಡೆ ಎಂದ. ಪೇಟೆಯಲ್ಲಿ ವಿಚಾರಿಸಿದ. ನಸುಕಿನಲ್ಲಿ ನೋಡಬೇಕು ಎಂದು ಒಬ್ಬ, ವಾರದ ನಡುವೆ ನೋಡಬೇಕು ಎಂದು ಒಬ್ಬ. ಮೂರನೆಯವನು ಕಿವಿಯ ಹತ್ತಿರ ಬಂದು, ಮತ್ತೆ ಮತ್ತೆ ನೋಡಬೇಡ ಸಾಹುಕಾರ, ನಿನಗೆ ಬೇಕು ಅಂತ ಅವರಿಗೆ ಗೊತ್ತಾಗಿ ಏರಿಸಿಬಿಡುತ್ತಾರೆ ಎಂದ. ಅದು ನಿಜವೋ ಸುಳ್ಳೋ, ಅಡಿವೆಪ್ಪನಿಗೆ ಮಾತ್ರ ವೇದವಾಕ್ಯವಾಯಿತು. ತಾನು ಮೂವತ್ತು ವರ್ಷ ನಂಬಿಕೊಂಡು ಬಂದದ್ದೂ ಅದನ್ನೇ ಅಲ್ಲವೇ!

ಅಂದಿನಿಂದ ಮನೆಯಲ್ಲಿ ಹೊಸ ಕಟ್ಟುಪಾಡು. ಫೋನು ಹತ್ತಿರವಿದ್ದಾಗ ಕಲ್ಕತ್ತದ ಹೆಸರೆತ್ತಬಾರದು. ಎತ್ತಲೇಬೇಕಾದರೆ 'ಆ ಊರು' ಎನ್ನಬೇಕು. ನೆರೆಯವರಿಗೆ ಹೇಳಬಾರದು, ಹೇಳಿದರೆ ಅವರೂ ತಮ್ಮ ಫೋನಿನಲ್ಲಿ ನೋಡುತ್ತಾರೆ. ಅಟ್ಟದ ಮೇಲಿನ ಸೂಟ್‌ಕೇಸು ಇಳಿಸಬಾರದು. ನಿಂಬವ್ವ ಹೊಸ ಕುಪ್ಪಸ ಹೊಲಿಯಲು ಕೊಟ್ಟು ಬಂದಿದ್ದಳು, ಅದಕ್ಕೂ ಅವನು ಕಣ್ಣು ಕೆಂಪು ಮಾಡಿದ. ತಯಾರಾದವನ ಮುಖ ಎಲ್ಲರಿಗೂ ಗೊತ್ತಾಗುತ್ತದೆ, ಬೇಕು ಅನ್ನುವುದನ್ನು ಮೊದಲು ಮರೆ ಎಂದ.

ಒಂದು ತಿಂಗಳಾಯಿತು. ದರ ಇಳಿಯಿತು. ಅಡಿವೆಪ್ಪ ಕುಣಿದಾಡಿದ, ಆದರೆ ತೆಗೆಸಲಿಲ್ಲ. ಇಳಿಯಲು ಶುರುವಾಗಿದೆ ಎಂದರೆ ಇನ್ನೂ ಇಳಿಯುತ್ತದೆ ಎಂದ. ನಾಲ್ಕು ದಿನಕ್ಕೆ ಏರಿತು. ಏರಿದ್ದು ಇಳಿಯಲೇಬೇಕು ಎಂದ. ಹೀಗೆ ಏರುವಾಗ ಒಂದು ಕಾರಣ, ಇಳಿಯುವಾಗ ಒಂದು ಕಾರಣ. ಅವನಿಗೆ ಬೇಜಾರೇ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಆಟದಲ್ಲೇ ಅವನು ಸುಖವಾಗಿದ್ದ. ಊರು ನೋಡುವ ಮಾತು ಅವನ ಬಾಯಿಂದ ಬಿದ್ದೇ ಹೋಗಿತ್ತು.

ಒಂದು ಮಧ್ಯಾಹ್ನ ಪಕ್ಕದ ಮನೆಯವಳು ಹಪ್ಪಳ ಒಣಗಿಸುತ್ತ ಕೇಳಿದಳು, ಎಲ್ಲಿಗೋ ಹೊರಟಿದ್ದೀರಂತೆ, ದೂರದ ಊರಂತೆ. ಎಲ್ಲಿಗೂ ಇಲ್ಲ ಎಂದಳು ನಿಂಬವ್ವ. ಹೇಳಿ ಒಳಗೆ ಬಂದು ನಿಂತಳು. ಸುಳ್ಳು ಹೇಳುವಾಗ ಆಗಬೇಕಾದ ಕಸಿವಿಸಿ ಆಗಿರಲಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಹೇಳಿಬಿಟ್ಟಿದ್ದಳು. ಕಲ್ಕತ್ತ, ಕಲ್ಕತ್ತ ಎಂದು ಒಳಗೇ ಎರಡು ಸಲ ಅಂದುಕೊಂಡಳು. ಏನೂ ಆಗಲಿಲ್ಲ. ಟ್ರಾಮಿನ ಕಿಟಕಿಯನ್ನು ನೆನಪಿಸಿಕೊಳ್ಳಲು ನೋಡಿದಳು, ಅದೂ ಸರಿಯಾಗಿ ಬರಲಿಲ್ಲ. ಆಗ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಅತ್ತೆ ಬೈದಾಗ ಹೆದರಿರಲಿಲ್ಲ, ಆಸ್ಪತ್ರೆಯಲ್ಲಿ ಹೆದರಿರಲಿಲ್ಲ. ಮೂವತ್ತೈದು ವರ್ಷ ಯಾರ ಕೈಗೂ ಸಿಗದಂತೆ ಕಾಪಾಡಿಕೊಂಡು ಬಂದ ಒಂದೇ ಒಂದು ಆಸೆಯನ್ನು ಎರಡು ತಿಂಗಳಲ್ಲಿ ತನ್ನ ಕೈಯಿಂದಲೇ ಕೊಂದುಕೊಳ್ಳುತ್ತಿದ್ದೇನೆ ಎಂದು ಹೆದರಿದಳು. ಹೆದರಿಕೆಯ ಬೆನ್ನಿಗೇ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದಾಯಿತು.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲು ಸೂಟ್‌ಕೇಸು ಇಳಿಸಿದಳು. ಖಾರಪುಡಿ ಮಾಡಿ ಮಾರಿದ ತನ್ನದೇ ದುಡ್ಡು ಡಬ್ಬಿಯಲ್ಲಿತ್ತು. ಅದನ್ನು ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಪಕ್ಕದ ಟಿಕೇಟು ಮಾಡಿಸುವ ಅಂಗಡಿಗೆ ಹೋದಳು. ಅಂಗಡಿಯಾಕೆ ಕಂಪ್ಯೂಟರು ನೋಡಿ ಪಾಪ ಒಳ್ಳೆಯ ಮಾತೇ ಹೇಳಿದಳು. ಹಬ್ಬದ ಮುಂದೆ ದರ ಮುಗಿಲಿಗೆ ಹೋಗಿದೆ, ಎರಡು ತಿಂಗಳಲ್ಲಿ ಇಷ್ಟು ಏರಿದ್ದು ಇದೇ ಮೊದಲು, ಒಂದು ವಾರ ತಡೆಯಿರಿ ಎಂದಳು.

"ಇವತ್ತ ತಗಿಯವ್ವಾ," ಎಂದಳು ನಿಂಬವ್ವ. "ಒಂದ ವಾರ ತಡದರ ದರ ಇಳದಿರತೈತಿ, ನನಗ ಹೋಗೂ ಮನಸ್ಸು ಇರೂದಿಲ್ಲ."

ಆ ದಿನ ಗುರುವಾರ. ಪೇಟೆಯಲ್ಲಿ ಚೀಟಿ ಹಾಕುವ ಹೊತ್ತು. ವರ್ತಕರೆಲ್ಲ ಪೆಟ್ಟಿಗೆಯ ಸುತ್ತ ನಿಂತಿದ್ದರು. ಹೆಂಗಸರು ಆ ಹೊತ್ತಿಗೆ ಅಲ್ಲಿಗೆ ಹೋಗುವ ರೂಢಿ ಇರಲಿಲ್ಲ. ಕಾಯಿಯ ತೊಟ್ಟು ಬಿಡಿಸುವ ಕೂಲಿಯವರನ್ನು ಬಿಟ್ಟರೆ ಸಾಹುಕಾರರ ಹೆಂಡಿರು ಯಾರೂ ಅತ್ತ ಸುಳಿದವರಲ್ಲ. ನಿಂಬವ್ವ ಘಾಟಿಗೆ ಸೀನುತ್ತ ರಾಶಿಗಳ ನಡುವೆ ನೆಟ್ಟಗೆ ನಡೆದು ಬಂದಳು, ಗಂಡನ ಮುಂದೆ ಟಿಕೇಟು ಹಿಡಿದಳು. ಎಲ್ಲರಿಗೂ ಕೇಳುವ ಹಾಗೆ, ನಾಳೆ ಕಲ್ಕತ್ತಕ್ಕೆ ಹೊರಟಿದ್ದೇನೆ ಎಂದಳು.

ಅಡಿವೆಪ್ಪ ಟಿಕೇಟು ನೋಡಿದ. ದರ ನೋಡಿದ. ಮತ್ತೊಮ್ಮೆ ದರವನ್ನೇ ನೋಡಿದ. ಅವನಿಗೆ ದುಡ್ಡಿನ ಸಂಕಟವಲ್ಲ, ದುಡ್ಡು ಬೇಕಾದಷ್ಟಿತ್ತು. ಎಲ್ಲಕ್ಕಿಂತ ಏರಿದ ದರಕ್ಕೆ ಅಡಿವೆಪ್ಪನ ಹೆಂಡತಿ ಕೊಂಡಳು ಎಂದು ನಾಳೆ ಪೇಟೆಯೆಲ್ಲ ಆಡಿಕೊಳ್ಳುತ್ತದೆ, ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಅದೂ ಅಲ್ಲದೆ ಟಿಕೇಟಿನಲ್ಲಿ ಇದ್ದದ್ದು ಒಂದೇ ಹೆಸರು. ನನ್ನ ಮಾನ ತೆಗೆದೆಯಲ್ಲ, ಒಂದು ವಾರ ಬಾಯಿ ಮುಚ್ಚಿಕೊಂಡು ಇರಲಾಗಲಿಲ್ಲವೇ, ಇಷ್ಟು ಜನರ ಮುಂದೆ ಮುಖದ ತುಂಬ ಆಸೆ ತೋರಿಸಿಕೊಂಡು ನಿಂತಿದ್ದೀಯಲ್ಲ ಎಂದು ಹಲ್ಲು ಕಚ್ಚಿ ಕೇಳಿದ.

"ಕಾಣಲಿ ಬಿಡ್ರಿ. ನನಗ ಬೇಕಾಗಿತ್ತು, ಮುಖದ ಮ್ಯಾಲ ಕಾಣತೈತಿ," ಎಂದಳು ಅವಳು. "ನಂದು ನಾ ತಗಿಸೀನಿ. ನಿಮ್ಮದು ದರ ಇಳದಾಗ ತಗಸ್ರಿ."

ಯಾರೋ ಒಬ್ಬ ನಗಲು ಹೋಗಿ ಸೀನಿದ. ಅವಳು ಬಂದ ದಾರಿಯಲ್ಲೇ ಹೋದಳು. ಆ ದಿನ ಅಡಿವೆಪ್ಪ ಚೀಟಿ ಹಾಕುವುದನ್ನೇ ಮರೆತ ಎನ್ನುತ್ತಾರೆ.

ಗಂಡ ಬರಬಹುದು ಎಂದು ಅವಳು ಶುಕ್ರವಾರ ಬಾಗಿಲ ಬಳಿ ಐದು ನಿಮಿಷ ಕಾದಳು, ಸುಳ್ಳೇಕೆ ಹೇಳಲಿ. ಅವನು ಒಳಗೆ ಫೋನು ನೋಡುತ್ತ ಕೂತಿದ್ದ. ಐದೇ ನಿಮಿಷ, ಆರನೆಯದಕ್ಕೆ ನಿಲ್ಲಲಿಲ್ಲ. ವಿಮಾನ ಏಳುವಾಗ ಶಿವ ಶಿವ ಎಂದಳು. ಕಲ್ಕತ್ತದಲ್ಲಿ ಭಾಷೆ ಬರದೆ ಒದ್ದಾಡಿದಳು, ಒಂದು ಸಲ ದಾರಿ ತಪ್ಪಿದಳು. ಶನಿವಾರ ಬೆಳಿಗ್ಗೆ ಟ್ರಾಮು ಹತ್ತಿ ಕಿಟಕಿ ಪಕ್ಕ ಕೂತಳು. ಓದಿಕೊಂಡಿದ್ದಕ್ಕಿಂತ ಅದು ನಿಧಾನ, ಹಳೆಯದು, ಕುಲುಕಾಟ ಬೇರೆ. ಆದರೂ ಅವಳು ಕಡೇ ನಿಲ್ದಾಣದವರೆಗೆ ಹೋಗಿ, ಇಳಿಯದೆ ವಾಪಸು ಬಂದಳು. ಅತ್ತಳು ಕೂಡ. ಯಾರೂ ಏಕೆಂದು ಕೇಳಲಿಲ್ಲ, ಅದೂ ಅವಳಿಗೆ ಹಿತವಾಯಿತು.

ಮತ್ತೊಂದು ಸುತ್ತಿಗೆ ಟ್ರಾಮು ಹೊರಟಾಗ ಫೋನು ಬಂತು. ಅಡಿವೆಪ್ಪನ ದನಿಯಲ್ಲಿ ಗೆದ್ದ ಸಂಭ್ರಮ. ದರ ಇಳಿದಿದೆ, ಅರ್ಧಕ್ಕರ್ಧ ಇಳಿದಿದೆ, ನಾನು ಬಡಿದುಕೊಂಡಿರಲಿಲ್ಲವೇ ಎಂದ. ಅವನು ಹೇಳಿದ್ದು ಸುಳ್ಳಲ್ಲ, ಚೆನ್ನವೀರ. ದರ ಇಳಿದಿತ್ತು, ಅವನ ಲೆಕ್ಕವೇ ಸರಿಯಾಗಿತ್ತು. ಅವಳೂ ಅದನ್ನು ಒಪ್ಪಿಕೊಂಡಳು. ಹೌದು, ನೀವೇ ಗೆದ್ದಿರಿ ಎಂದಳು. ಹಾಗಾದರೆ ತೆಗೆಸಿದಿರೇನು ಎಂದು ಕೇಳಿದಳು.

"ತಡಿ," ಎಂದ ಅಡಿವೆಪ್ಪ. "ಇನ್ನೂ ಇಳಿಯೂ ಹಂಗ ಕಾಣತೈತಿ."

ಗುರುಗಳು ಇಷ್ಟಕ್ಕೆ ಕತೆ ನಿಲ್ಲಿಸಿದರು. ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚೆನ್ನವೀರನೊಬ್ಬ ನಗಲಿಲ್ಲ. ಅವನು ಹುಬ್ಬು ಗಂಟಿಕ್ಕಿ ಏನೋ ಲೆಕ್ಕ ಹಾಕುತ್ತಿದ್ದ. ಕೊನೆಗೆ ತಲೆಯೆತ್ತಿ, ಅವಳು ಇನ್ನೊಂದೇ ವಾರ ತಡೆದಿದ್ದರೆ ಆ ಅರ್ಧ ದರದಲ್ಲಿ ಇಬ್ಬರೂ ಹೋಗಿ ಬರಬಹುದಿತ್ತಲ್ಲವೇ ಎಂದು ಕೇಳಿದ.

ಗುರುಗಳು ಅವನನ್ನೇ ನೋಡಿದರು.

"ನಿನ್ನ ಹೇಣ್ತಿ ಮುಂಜಾನೆ ಬಂದು ಇದ ಕತಿ ಕೇಳಿಕೊಂಡು ಹೋದ್ಳು, ಚೆನ್ನವೀರ, ಆಕಿ ಈ ಪ್ರಶ್ನಾ ಕೇಳಲಿಲ್ಲ."